ಮುಂಬಯಿಯಲ್ಲಿ ಮನಸ್ಸಿನ ಕಾಯಿಲೆಗೂ ಕುಡಿತದ ಚಟಕ್ಕೂ ಚಿಕಿತ್ಸೆ ಪಡೆಯುವ ಬಗೆ

ಮುಂಬಯಿಯ ಕನ್ನಡ ಮನೆಗಳಲ್ಲಿ ಯಾರದಾದರೂ ಮನಸ್ಸು ಕೆಟ್ಟರೆ ಅಥವಾ ಕುಡಿತ ಕೈಮೀರಿದರೆ ಮೊದಲ ಫೋನು ಹೋಗುವುದು ಊರಿಗೆ. "ಸ್ವಲ್ಪ ದಿನ ಇಲ್ಲಿಗೆ ಕಳುಹಿಸಿ, ಸರಿಹೋಗುತ್ತಾನೆ" ಎಂಬ ಉತ್ತರ ಬರುತ್ತದೆ. ಕರಾವಳಿಯವರು ಮತ್ಸ್ಯಗಂಧ ರೈಲಿಗೆ, ಕಲಬುರಗಿ ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹತ್ತಿಸಿ ಕಳುಹಿಸುತ್ತಾರೆ. ಎರಡು ತಿಂಗಳಾದ ಮೇಲೆ ಆ ಮನುಷ್ಯ ಅದೇ ಖೋಲಿಗೆ, ಅದೇ ಹೋಟೆಲಿನ ರಾತ್ರಿ ಪಾಳಿಗೆ ಮರಳುತ್ತಾನೆ, ಕಾಯಿಲೆಯೂ ಮರಳುತ್ತದೆ. ಹಲವು ವರ್ಷಗಳಿಂದ ಇಂಥವರ ಜೊತೆ ಆಸ್ಪತ್ರೆಗಳಿಗೆ ಹೋಗಿಬಂದ ನನಗೆ ಮನದಟ್ಟಾಗಿರುವ ಒಂದು ಸಂಗತಿಯಿದೆ. ಈ ನಗರದಲ್ಲಿ ಆಸ್ಪತ್ರೆಗೆ ಕೊರತೆಯಿಲ್ಲ. ನಮ್ಮವರ ಚಿಕಿತ್ಸೆ ಮುರಿಯುವುದು ಮೊದಲ ಭೇಟಿಗೂ ಎರಡನೆಯ ಭೇಟಿಗೂ ನಡುವೆ, ಮುಂಬಯಿಗೂ ಊರಿಗೂ ನಡುವೆ. ಆದ್ದರಿಂದ ಎಲ್ಲಿಗೆ ಹೋಗಬೇಕೆಂಬುದರ ಜೊತೆಗೆ, ಹಿಡಿದ ಚಿಕಿತ್ಸೆಯ ಎಳೆ ತುಂಡಾಗದಂತೆ ಹೇಗೆ ನೋಡಿಕೊಳ್ಳಬೇಕೆಂಬುದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ತುರ್ತನ್ನು ಗುರುತಿಸಿ

ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ಈ ಒಂದು ಮಾತು ನಮ್ಮ ಜನರಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ಕೊನೆಯ ಕುಡಿತದಿಂದ ಸುಮಾರು ಆರು ಗಂಟೆಗಳ ನಂತರ ಕೈನಡುಕ, ಬೆವರು, ವಾಂತಿ, ನಿದ್ದೆಯಿಲ್ಲದ ಚಡಪಡಿಕೆ ಆರಂಭವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ದಿಕ್ಕು, ಹೊತ್ತು, ಜನರ ಗುರುತು ತಪ್ಪಿ, ಗೋಡೆಯ ಮೇಲೆ ಹುಳುಗಳು ಹರಿದಾಡಿದಂತೆ ಕಾಣತೊಡಗುತ್ತದೆ. ಈ ಕೊನೆಯ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸಬಹುದು. ನಮ್ಮಲ್ಲಿ ಇದು ಹೆಚ್ಚಾಗಿ ಯಾವಾಗ ಆಗುತ್ತದೆ ಎಂಬುದನ್ನು ಗಮನಿಸಿ: ಅಯ್ಯಪ್ಪ ಮಾಲೆ ಧರಿಸಿದ ಮೊದಲ ವಾರದಲ್ಲಿ, ಶ್ರಾವಣದ ಆರಂಭದಲ್ಲಿ, ತಾಯಿಯ ಮೇಲೆ ಆಣೆ ಮಾಡಿ ಊರಿನ ರೈಲು ಹತ್ತಿದ ರಾತ್ರಿಯಲ್ಲಿ. ಮನೆಯವರು ಅದನ್ನು ಗಾಳಿ ಸೋಕಿದ್ದೆಂದೋ ದೈವದ ಉಪದ್ರವವೆಂದೋ ತಿಳಿದು ಪ್ರಶ್ನೆ ಇಡಿಸಲು ಹೊರಡುತ್ತಾರೆ. ಅಷ್ಟರಲ್ಲಿ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ವ್ರತ ಹಿಡಿಯುವ ಸಂಕಲ್ಪ ದೊಡ್ಡದು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಮಾಲೆ ಹಾಕುವ ಒಂದು ವಾರ ಮೊದಲೇ ವೈದ್ಯರನ್ನು ಕಂಡು, ಕುಡಿತ ಬಿಡುವ ದಿನಗಳಿಗೆಂದು ಅವರು ಕೊಡುವ ಗುಳಿಗೆಗಳನ್ನೂ ಬಿ-1 ಜೀವಸತ್ವದ ಚುಚ್ಚುಮದ್ದನ್ನೂ ಪಡೆದು ಆರಂಭಿಸಿದರೆ ಸಂಕಲ್ಪವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಫಿಟ್ಸ್ ಬಂದರೆ ಅಥವಾ ಮಾತು ತೊದಲಿ ಗೊಂದಲ ಕಂಡರೆ ಹೊರರೋಗಿ ವಿಭಾಗದ ಹೊತ್ತಿಗಾಗಿ ಕಾಯದೆ, ಹತ್ತಿರದ ದೊಡ್ಡ ಆಸ್ಪತ್ರೆಯ ಅಪಘಾತ ವಿಭಾಗಕ್ಕೆ ನೇರವಾಗಿ ಕರೆದೊಯ್ಯಿರಿ.

ಸಾಯುವ ಮಾತು ಇನ್ನೊಂದು ತುರ್ತು. "ಸಾಯಬೇಕು ಅನ್ನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಎಲ್ಲರಲ್ಲಿದೆ, ಆದರೆ ಹಾಗೆ ಆಗುವುದಿಲ್ಲ, ಕೇಳಿದಾಗ ಹೆಚ್ಚಿನವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಕೋಣೆಯಲ್ಲಿರುವ ಗುಳಿಗೆ, ಇಲಿಪಾಷಾಣ, ಹಗ್ಗಗಳನ್ನು ತೆಗೆದಿಡಿ, ಸರ್ಕಾರಿ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕೈಮೀರುತ್ತಿದ್ದರೆ ತುರ್ತು ಸೇವೆಯ 112ಕ್ಕೆ ಕರೆ ಮಾಡಿ. ಆತ್ಮಹತ್ಯೆಗೆ ಯತ್ನಿಸಿದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಚಿಕ್ಕ ದವಾಖಾನೆಯಲ್ಲಿಯೇ ಮುಚ್ಚಿಹಾಕುವ ಪ್ರಯತ್ನಗಳನ್ನು ನಾನು ಕಂಡಿದ್ದೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮಿನಂತೆ ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರನ್ನು ಶಿಕ್ಷಿಸುವ ಬದಲು ಆರೈಕೆ ಒದಗಿಸುವುದು ಸರ್ಕಾರದ ಹೊಣೆಯಾಗುತ್ತದೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ದಾಖಲೆಗಾಗಿ ಎಂದು ತಿಳಿದು ಧೈರ್ಯದಿಂದಿರಿ.

ಕನ್ನಡದಲ್ಲಿ ಮಾತಾಡಲು ಒಂದು ದಾರಿ

14416 ಎಂಬುದು ಟೆಲಿ-ಮಾನಸ್ ಎಂಬ ಸರ್ಕಾರಿ ಸೇವೆಯ ಸಂಖ್ಯೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ. ಇದರ ರಾಷ್ಟ್ರಮಟ್ಟದ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್. ಕರೆ ಮಾಡಿದವರು ಭಾಷೆಯನ್ನು ಆರಿಸಿಕೊಳ್ಳಬಹುದು, ಆ ಭಾಷೆಗಳಲ್ಲಿ ಕನ್ನಡವೂ ಇದೆ. ಮಾದಕ ವಸ್ತು ಮತ್ತು ಮದ್ಯದ ಚಟಕ್ಕೆಂದೇ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಬೇರೆ ಇದೆ. ಗುಟ್ಕಾ, ತಂಬಾಕು, ಬೀಡಿ ಬಿಡಲು 1800-11-2356. ಫೋನಿನ ಮಾತು ಆಸ್ಪತ್ರೆಗೆ ಬದಲಾಗಲಾರದು. ಆದರೆ ಮೊದಲ ಸಲ ಬಾಯಿ ಬಿಡುವವರಿಗೆ, ಅದರಲ್ಲಿಯೂ ಒಂದೇ ಕೋಣೆಯಲ್ಲಿ ಎಂಟು ಹತ್ತು ಜನರೊಡನೆ ಮಲಗುವ ಹುಡುಗರಿಗೆ, ಟೆರೇಸಿನ ಮೂಲೆಯಲ್ಲಿ ನಿಂತು ತನ್ನ ಭಾಷೆಯಲ್ಲಿ ಹತ್ತು ನಿಮಿಷ ಮಾತಾಡಿದ್ದೇ ಆಸ್ಪತ್ರೆಯ ಮೆಟ್ಟಿಲು ಹತ್ತಲು ಧೈರ್ಯ ಕೊಟ್ಟದ್ದನ್ನು ನೋಡಿದ್ದೇನೆ.

ಆಸ್ಪತ್ರೆಯ ಮೊದಲ ದಿನ

ಮಹಾನಗರ ಪಾಲಿಕೆಯ ದೊಡ್ಡ ಆಸ್ಪತ್ರೆಗಳಾದ ಪರೇಲಿನ ಕೆ.ಇ.ಎಂ., ಸಯನ್‌ನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್, ಜುಹುವಿನ ಕೂಪರ್ ಇವುಗಳಲ್ಲಿಯೂ ರಾಜ್ಯ ಸರ್ಕಾರದ ಜೆ.ಜೆ. ಆಸ್ಪತ್ರೆಯಲ್ಲಿಯೂ ಮನೋವೈದ್ಯಕೀಯ ವಿಭಾಗಗಳಿವೆ. ಥಾಣೆಯಲ್ಲಿ 1901ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಮನೋರುಗ್ಣಾಲಯವಿದೆ. ಅದರ ಹೆಸರು ಕೇಳಿದೊಡನೆ ನಮ್ಮವರು ಬೆಚ್ಚುತ್ತಾರೆ, ಆದರೆ ಅಲ್ಲಿಯೂ ಹೊರರೋಗಿಗಳಾಗಿ ತೋರಿಸಿಕೊಂಡು ಸಂಜೆಯೊಳಗೆ ಮನೆಗೆ ಬರುವವರಿದ್ದಾರೆ. ನನ್ನ ಸಲಹೆಯೆಂದರೆ, ಹೆಸರುವಾಸಿ ಆಸ್ಪತ್ರೆಗಿಂತ ನಿಮ್ಮ ಲೋಕಲ್ ರೈಲಿನ ಮಾರ್ಗದಲ್ಲಿರುವ ಆಸ್ಪತ್ರೆಯನ್ನು ಆರಿಸಿಕೊಳ್ಳಿ. ಈ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದ್ದು, ಎರಡು ಸಲ ಗಾಡಿ ಬದಲಿಸಿ ಹೋಗಬೇಕಾದ ಆಸ್ಪತ್ರೆಗೆ ಮೂರನೆಯ ಸಲ ಯಾರೂ ಹೋಗುವುದಿಲ್ಲ.

ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್, ಅಂದರೆ ಆಸ್ಪತ್ರೆಯ ರೋಗಿ ದಾಖಲೆ, ಮಾಡಿಸಬೇಕು. ಅದರ ಶುಲ್ಕ ಅತಿ ಕಡಿಮೆ. ಆಧಾರ್ ಕಾರ್ಡು, ಈ ಹಿಂದೆ ನುಂಗಿದ ಗುಳಿಗೆಗಳ ಖಾಲಿ ಪಟ್ಟಿಗಳು, ಊರಿನ ವೈದ್ಯರ ಚೀಟಿ ಏನಿದ್ದರೂ ಜೊತೆಯಲ್ಲಿರಲಿ. ಎಂದಿನಿಂದ ನಿದ್ದೆ ಕೆಟ್ಟಿದೆ, ಎಷ್ಟು ಕುಡಿಯುತ್ತಾರೆ, ಬೆಳಿಗ್ಗೆ ಎದ್ದೊಡನೆ ಕುಡಿಯಬೇಕಾಗುತ್ತದೆಯೇ, ಮನೆತನದಲ್ಲಿ ಬೇರೆ ಯಾರಿಗಾದರೂ ಇಂಥ ಕಾಯಿಲೆ ಇತ್ತೇ ಎಂಬುದನ್ನು ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ವಿಭಾಗದಲ್ಲಿ ಗದ್ದಲವಿರುತ್ತದೆ, ವೈದ್ಯರಿಗೆ ಸಿಗುವ ಹೊತ್ತು ಕಡಿಮೆ. ಆ ಹಾಳೆ ನಿಮ್ಮ ಪರವಾಗಿ ಮಾತಾಡುತ್ತದೆ.

ಭಾಷೆಯ ತೊಡಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮವರ ಕಾಯಿಲೆ ತಪ್ಪಾಗಿ ದಾಖಲಾಗುವುದು ಹೆಚ್ಚಾಗಿ ಇಲ್ಲಿಯೇ. ಕುಂದಾಪುರದ ಹೆಂಗಸೊಬ್ಬರು ತಮಗೆ ಮಂಡೆಬಿಸಿ, ಅಂದರೆ ಮನಸ್ಸಿಗೆ ಚಿಂತೆ, ಎಂದದ್ದನ್ನು ಜೊತೆಗೆ ಬಂದ ಹುಡುಗ ಹಿಂದಿಯಲ್ಲಿ "ಸರ್ ಗರಮ್" ಎಂದುಬಿಟ್ಟ; ವೈದ್ಯರು ಮೊದಲು ಜ್ವರ ನೋಡಲು ಹೇಳಿದರು. ಇದಕ್ಕಿಂತ ಗಂಭೀರವಾದದ್ದು ಉತ್ತರ ಕರ್ನಾಟಕದವರ "ಜೀವ ಬ್ಯಾಸರಾಗೇದ" ಎಂಬ ಮಾತು. ಅದನ್ನು "ಬೋರ್ ಹೋ ಗಯಾ" ಎಂದು ಹೇಳಿದರೆ, ಬದುಕೇ ಸಾಕಾಗಿದೆ ಎನ್ನುವವನ ಅಳಲು ಬಿಡುವಿನ ಬೇಸರವಾಗಿ ಬರೆಯಲ್ಪಡುತ್ತದೆ. ಆದ್ದರಿಂದ ಕನ್ನಡವನ್ನೂ ಹಿಂದಿ ಅಥವಾ ಮರಾಠಿಯನ್ನೂ ಚೆನ್ನಾಗಿ ಬಲ್ಲ, ನಡುವಯಸ್ಸಿನ, ರೋಗಿ ನಂಬುವ ಒಬ್ಬರನ್ನು ಕರೆದುಕೊಂಡು ಹೋಗಿ. ಅಂಥವರು ಪರಿಚಯದಲ್ಲಿ ಇಲ್ಲದಿದ್ದರೆ ನಿಮ್ಮ ಕಡೆಯ ಕನ್ನಡ ಸಂಘ ಅಥವಾ ಸಮಾಜದ ಸಂಘದ ಕಚೇರಿಯಲ್ಲಿ ಕೇಳಿ. ಕಾಯಿಲೆ ಏನೆಂದು ಅಲ್ಲಿ ವಿವರಿಸಬೇಕಾಗಿಲ್ಲ, ಆಸ್ಪತ್ರೆಗೆ ಭಾಷೆ ಬಲ್ಲವರೊಬ್ಬರು ಬೇಕು ಎಂದರೆ ಸಾಕು. ಹೆಂಡತಿಯ ಕಷ್ಟವನ್ನು ಗಂಡನ ಬಾಯಿಂದ, ಕೆಲಸಗಾರನ ಕಷ್ಟವನ್ನು ಮಾಲೀಕರ ಬಾಯಿಂದ ಹೇಳಿಸಬೇಡಿ. ಹೊಡೆತ, ಸಂಬಳದ ಬಾಕಿ, ಸಾಲ ಇವೇ ಕಾರಣಗಳಾಗಿದ್ದರೆ ಅವು ಎಂದೂ ಹೊರಗೆ ಬರುವುದಿಲ್ಲ.

ಗುಳಿಗೆಗಳ ವಿಷಯದಲ್ಲಿ ಮೂರು ಮಾತು ತಿಳಿದಿರಲಿ. ಖಿನ್ನತೆಯ ಗುಳಿಗೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವಿಕೆಯೋ ತಲೆನೋವೋ ಬಂದು ಗುಣ ಮಾತ್ರ ಕಾಣದಿರಬಹುದು. ನಮ್ಮವರು ಬಿಟ್ಟುಬಿಡುವುದು ಸರಿಯಾಗಿ ಆ ವಾರದಲ್ಲಿಯೇ. ಅವು ಚಟ ಹಿಡಿಸುವ ಗುಳಿಗೆಗಳಲ್ಲ. ನಿದ್ದೆಗೂ ಗಾಬರಿಗೂ ಕೊಡುವ ಕೆಲವು ಗುಳಿಗೆಗಳು ಮಾತ್ರ ಅಭ್ಯಾಸವಾಗುವಂಥವು. ಅವನ್ನು ಬರೆದುಕೊಟ್ಟ ಅವಧಿಗಿಂತ ಹೆಚ್ಚು ದಿನ ನುಂಗಬಾರದು, ಬಹಳ ದಿನ ನುಂಗಿದ್ದರೆ ಒಮ್ಮೆಲೇ ನಿಲ್ಲಿಸಲೂಬಾರದು.

ಕುಡಿತ ಬಿಡಿಸುವವರಲ್ಲಿ ಸರಿಯಾದವರನ್ನು ಆರಿಸುವುದು

ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದರು. ಉಳಿದ 37 ಜನರ ಮನೆಯವರ ಕಣ್ಣಿಗೆ ದಿನವೂ ಬೀಳುವುದು ಲೋಕಲ್ ರೈಲಿನ ಡಬ್ಬಿಗಳಲ್ಲಿ ಅಂಟಿಸಿದ ಚೀಟಿಗಳು: ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಚಟ ಬಿಡಿಸಿ ಎಂಬ ಜಾಹೀರಾತುಗಳು. ಅಂಥ ಪುಡಿಗಳಲ್ಲಿ ಏನಿದೆಯೆಂದು ಯಾರೂ ಹೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ಔಷಧಿ ನಿಜವಾಗಿಯೂ ಇದೆ. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದ ಒತ್ತಡ ಕುಸಿಯುತ್ತದೆ, ಪ್ರಾಣವೇ ಹೋಗಬಹುದು. ನಿಲ್ಲಿಸಿದ ಮೇಲೂ ಎರಡು ವಾರಗಳವರೆಗೆ ಅದರ ಪರಿಣಾಮ ಉಳಿಯಬಹುದು. ತಿಳಿದು, ಒಪ್ಪಿ, ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಳ್ಳುವವರಿಗೆ ಅದು ಬೆಂಬಲ. ಸಾರಿನಲ್ಲಿ ಕದ್ದು ಹಾಕಿದರೆ ಅದು ವಿಷಕ್ಕೆ ಸಮ. ಹತಾಶೆಯಿಂದ ಹಾಗೆ ಮಾಡಲು ಮುಂದಾಗುವ ಅಮ್ಮಂದಿರ ನೋವು ನನಗೆ ತಿಳಿದಿದೆ. ಆದರೂ ದಯವಿಟ್ಟು ಮಾಡಬೇಡಿ.

ಮನೆಗೇ ವಾಹನ ಕಳುಹಿಸಿ, ರಾತ್ರಿ ನಾಲ್ವರು ಬಂದು ಎತ್ತಿಕೊಂಡು ಹೋಗುತ್ತೇವೆ ಎನ್ನುವ ವ್ಯಸನಮುಕ್ತಿ ಕೇಂದ್ರಗಳಿಂದಲೂ ದೂರವಿರಿ. ನನಗೆ ಪರಿಚಯದ ಒಬ್ಬ ಕ್ಯಾಂಟೀನ್ ಕೆಲಸಗಾರ ಅಂಥ ಒಂದು ಕೇಂದ್ರದಿಂದ ಮೂರು ತಿಂಗಳ ನಂತರ ಹೊರಬಂದಾಗ ಕುಡಿತ ಬಿಟ್ಟಿರಲಿಲ್ಲ, ಮನೆಯವರ ಮೇಲಿನ ನಂಬಿಕೆಯನ್ನು ಮಾತ್ರ ಬಿಟ್ಟಿದ್ದ. ಸೇರಿಸುವ ಮೊದಲು ಸ್ವತಃ ಹೋಗಿ ನೋಡಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಲು ಹೇಳಿ. ಮನೋವೈದ್ಯರು ಯಾವ ದಿನಗಳಂದು ಬರುತ್ತಾರೆ, ಬಿಡುವಾಗಿನ ಮೊದಲ ವಾರದ ನಡುಕವನ್ನು ಯಾರು ನೋಡಿಕೊಳ್ಳುತ್ತಾರೆ, ಮನೆಯವರು ಎಂದು ಭೇಟಿಯಾಗಬಹುದು, ಒಟ್ಟು ಖರ್ಚೆಷ್ಟು ಎಂದು ಕೇಳಿ, ಖರ್ಚನ್ನು ಬರೆದುಕೊಡಲು ಹೇಳಿ. ಭೇಟಿಗೆ ಅವಕಾಶವೇ ಇಲ್ಲವೆಂದರೆ ಹಿಂತಿರುಗಿ ಬನ್ನಿ. ಒಪ್ಪಿಗೆಯಿಲ್ಲದ ದಾಖಲಾತಿಗೂ ಕಾನೂನಿನಲ್ಲಿ ಕ್ರಮವಿದೆ: ಒಬ್ಬ ಮನೋವೈದ್ಯರೂ ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ವೃತ್ತಿಪರರೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಮೊದಲ ಅವಧಿ 30 ದಿನಗಳನ್ನು ಮೀರುವಂತಿಲ್ಲ. ಸರಪಳಿ ಕಟ್ಟುವುದನ್ನು ಕಾಯ್ದೆ ಯಾವ ಸಂದರ್ಭದಲ್ಲಿಯೂ ಒಪ್ಪುವುದಿಲ್ಲ.

ಹೆಸರು ಹೇಳಬಹುದಾದ ಸಂಸ್ಥೆಗಳೂ ಇವೆ. ಪಾದ್ರಿ ಜೋಸೆಫ್ ಪಿರೇರಾ ಅವರು 1981ರಲ್ಲಿ ಬಾಂದ್ರಾದಲ್ಲಿ ಆರಂಭಿಸಿದ ಕೃಪಾ ಫೌಂಡೇಶನ್ ವಸಾಯಿಯಲ್ಲಿಯೂ ಕೇಂದ್ರ ಹೊಂದಿದೆ. ಥಾಣೆಯಲ್ಲಿ ಮನೋವೈದ್ಯ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಕಟ್ಟಿದ ಇನ್‌ಸ್ಟಿಟ್ಯೂಟ್ ಫಾರ್ ಸೈಕಾಲಜಿಕಲ್ ಹೆಲ್ತ್ ಇದೆ. ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಕೂಟದ ಸಭೆಗಳು ನಗರದ ಚರ್ಚುಗಳಲ್ಲಿ, ಶಾಲೆಗಳ ಕೊಠಡಿಗಳಲ್ಲಿ ಸಂಜೆಯ ಹೊತ್ತು ನಡೆಯುತ್ತವೆ. ಅಲ್ಲಿ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ, ಕುಡಿತ ಬಿಡುವ ಇಚ್ಛೆಯೊಂದೇ ಅರ್ಹತೆ. ಚರ್ಚಿನ ಆವರಣದಲ್ಲಿ ನಡೆದರೂ ಅದು ಯಾವ ಮತದ ಸಭೆಯೂ ಅಲ್ಲ. ಹಿಂದಿ ಮರಾಠಿ ಸಭೆಗಳು ಸಿಗುತ್ತವೆ, ಮುಂಬಯಿಯಲ್ಲಿ ಬಹುಕಾಲ ದುಡಿದ ನಮ್ಮವರಿಗೆ ಅಷ್ಟು ಭಾಷೆ ಸಾಕಾಗುತ್ತದೆ. ಕುಡಿಯುವವರ ಹೆಂಡತಿ ಮಕ್ಕಳಿಗೆ ಅಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳಿವೆ. ಗಂಡ ಚಿಕಿತ್ಸೆಗೆ ಒಪ್ಪದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು, ಹೋಗಬೇಕು ಕೂಡ. ಅವಳ ನಿದ್ದೆ, ಅವಳ ಆರೋಗ್ಯ ಅವನ ಒಪ್ಪಿಗೆಗಾಗಿ ಕಾಯಬೇಕಾಗಿಲ್ಲ.

ಬ್ರೌನ್ ಶುಗರ್‌ನಂಥ ಅಫೀಮಿನ ಜಾತಿಯ ಮಾದಕಗಳಿಗೆ ಬಲಿಯಾದವರಿಗೆ ಬ್ಯುಪ್ರೆನಾರ್ಫಿನ್ ಎಂಬ ಬದಲಿ ಔಷಧಿಯನ್ನು ಸರ್ಕಾರಿ ಕೇಂದ್ರಗಳಲ್ಲಿ ಸಿಬ್ಬಂದಿಯ ಎದುರಿನಲ್ಲಿಯೇ ಕೊಡುವ ವ್ಯವಸ್ಥೆಯಿದೆ. ತಾವಾಗಿಯೇ ಚಿಕಿತ್ಸೆಗೆ ಮುಂದೆ ಬರುವ ವ್ಯಸನಿಗಳಿಗೆ, ಸ್ವಂತ ಬಳಕೆ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ, 1985ರ ಮಾದಕ ವಸ್ತುಗಳ ಕಾಯ್ದೆಯ 64ಎ ಕಲಮು ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಪ್ರಕರಣ ಈಗಾಗಲೇ ದಾಖಲಾಗಿದ್ದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಕೆಲಸ ಮತ್ತು ಕಾಗದಪತ್ರ

ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಕಾರ್ಡು ಇರುವ ಕೆಲಸಗಾರರು ಅದನ್ನು ಜ್ವರ ಕೆಮ್ಮಿಗೆ ಮಾತ್ರ ಬಳಸುತ್ತಾರೆ. ಮನಸ್ಸಿನ ಕಾಯಿಲೆಗೂ ಅದು ಸಲ್ಲುತ್ತದೆ. ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗಗಳು ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ, ವಂತಿಗೆಯ ಷರತ್ತುಗಳು ಪೂರೈಸಿದ್ದರೆ, ಸಂಬಳದ 80 ಶೇಕಡಾದಷ್ಟು ಭತ್ಯೆ ಎರಡು ವರ್ಷಗಳವರೆಗೂ ಸಿಗಬಹುದು. ಖಾಸಗಿ ವಿಮೆಯಿದ್ದರೆ, ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ಪರಿಗಣಿಸಬೇಕೆಂದು 2017ರ ಕಾಯ್ದೆಯ 21ನೆಯ ಕಲಮು ವಿಮಾ ಕಂಪನಿಗಳಿಗೆ ವಿಧಿಸಿದೆ.

ಇನ್ನೊಂದು ಕಾಗದವನ್ನು ಒಂಟಿಯಾಗಿ ಮುಂಬಯಿಯಲ್ಲಿರುವ ಪ್ರತಿಯೊಬ್ಬ ರೋಗಿಯೂ ಬರೆದಿಡಬೇಕು. ಅದೇ ನಾಮನಿರ್ದೇಶಿತ ಪ್ರತಿನಿಧಿಯ ಪತ್ರ. ಸಾದಾ ಹಾಳೆಯಲ್ಲಿ, ಸಹಿ ಅಥವಾ ಹೆಬ್ಬೆಟ್ಟಿನ ಗುರುತಿನೊಂದಿಗೆ, ತನ್ನ ಪರವಾಗಿ ಚಿಕಿತ್ಸೆಯ ನಿರ್ಧಾರದಲ್ಲಿ ನೆರವಾಗುವವರು ಯಾರು ಎಂದು ಬರೆದರೆ ಸಾಕು, ಅವರ ಒಪ್ಪಿಗೆಯೂ ಬೇಕು. ಅಪ್ಪ ಅಮ್ಮ ಯಾದಗಿರಿಯ ಹಳ್ಳಿಯಲ್ಲಿದ್ದು ರಾತ್ರಿ ಹನ್ನೊಂದಕ್ಕೆ ಸಹಿ ಬೇಕಾದಾಗ ಈ ಹಾಳೆಯ ಬೆಲೆ ತಿಳಿಯುತ್ತದೆ.

ಪುಣೆ ಮತ್ತು ಗೋವಾದಲ್ಲಿರುವ ಬಂಧುಗಳಿಗೆ

ಪುಣೆಯಲ್ಲಿ ಸಸೂನ್ ಆಸ್ಪತ್ರೆ ಮತ್ತು ಯರವಡಾದ ಪ್ರಾದೇಶಿಕ ಮನೋರುಗ್ಣಾಲಯ ಸರ್ಕಾರದ ಕಡೆಯಿಂದ ಇವೆ. ಡಾ. ಸುನಂದಾ ಮತ್ತು ಡಾ. ಅನಿಲ್ ಅವಚಟ ದಂಪತಿ 1986ರಲ್ಲಿ ಸ್ಥಾಪಿಸಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವೂ ಯರವಡಾದಲ್ಲಿದೆ. ಗೋವಾದಲ್ಲಿ ಬಾಂಬೋಳಿಯ ಮನೋವೈದ್ಯ ಸಂಸ್ಥೆ ಗೋವಾ ಮೆಡಿಕಲ್ ಕಾಲೇಜಿನ ಹತ್ತಿರವೇ ಇದೆ. ವಾಸ್ಕೋದ ಬೈನಾ, ಝುವಾರಿನಗರದಲ್ಲಿ ನೆಲೆಸಿರುವ ನಮ್ಮ ಕಾರ್ಮಿಕರು ಅಲ್ಲಿಗೆ ಹೋಗಬಹುದು. ಅಲ್ಲಿನ ಸಂಗಾತ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಒಂದು ಅಧ್ಯಯನವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ತರಬೇತಿ ಪಡೆದ ಸಾಮಾನ್ಯ ಜನರು ಹಾನಿಕರವಾಗಿ ಕುಡಿಯುವ ಗಂಡಸರೊಂದಿಗೆ ನಾಲ್ಕು ಸಲದೊಳಗೆ ಕುಳಿತು ಮಾತಾಡಿದ್ದರಿಂದಲೇ, ಮಾಮೂಲಿ ಆರೈಕೆ ಮಾತ್ರ ಪಡೆದವರಿಗಿಂತ ಹೆಚ್ಚು ಜನ ಮೂರು ತಿಂಗಳಲ್ಲಿ ಚೇತರಿಸಿಕೊಂಡರು. ಅಂದರೆ ಚಟ ಪೂರ್ತಿ ಹಿಡಿಯುವ ಮೊದಲೇ, ಸೋಮವಾರದ ಪಾಳಿ ತಪ್ಪತೊಡಗಿದಾಗಲೇ ಹೋದರೆ ದಾಖಲಾಗದೆಯೂ ಗುಣ ಕಾಣಬಹುದು.

ಊರಿಗೆ ಹೋಗುವ ಮೊದಲು

ಜಾತ್ರೆ, ಕೋಲ, ಮದುವೆ, ಬಿತ್ತನೆ ಯಾವುದಕ್ಕೇ ಹೊರಟರೂ ಒಂದು ವಾರ ಮುಂಚೆ ಹೊರರೋಗಿ ವಿಭಾಗಕ್ಕೆ ಹೋಗಿ, ಎಷ್ಟು ದಿನಕ್ಕೆ ಹೋಗುತ್ತೀರೋ ಅದಕ್ಕಿಂತ ಹತ್ತು ದಿನ ಹೆಚ್ಚಿಗೆ ಗುಳಿಗೆ ಕೇಳಿ. ಊರಿನಲ್ಲಿ ದಿನಗಳು ಯಾವಾಗಲೂ ಬೆಳೆಯುತ್ತವೆ. ಕೇಸ್ ಪೇಪರಿನ ಎಲ್ಲ ಪುಟಗಳ ಫೋಟೋ ನಿಮ್ಮ ಫೋನಿನಲ್ಲಿಯೂ ಮನೆಯ ಇನ್ನೊಬ್ಬರ ಫೋನಿನಲ್ಲಿಯೂ ಇರಲಿ. ದೈವಕ್ಕೆ ಹರಕೆ ಸಲ್ಲಿಸುವುದಿದ್ದರೆ ಸಲ್ಲಿಸಿ, ಆ ದಿನದ ಗುಳಿಗೆಯನ್ನು ಮಾತ್ರ ತಪ್ಪಿಸಬೇಡಿ. ಊರಿನಲ್ಲಿ ಹೆಚ್ಚು ಕಾಲ ನಿಲ್ಲಬೇಕಾದರೆ ಅಲ್ಲಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ದೇಶವೆಲ್ಲ ಹರಡಿದ ಪದ್ಧತಿಗೆ ಮಾದರಿಯಾದದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಲ್ಲಿನ ವೈದ್ಯರು ಗುಳಿಗೆ ಬದಲಿಸಿದರೆ ಏಕೆ ಬದಲಿಸಿದರೆಂದು ಚೀಟಿಯಲ್ಲಿಯೇ ಬರೆಸಿಕೊಂಡು, ಮುಂಬಯಿಗೆ ಮರಳಿದ ವಾರದಲ್ಲಿಯೇ ಆ ಚೀಟಿಯನ್ನು ಹಳೆಯ ಕೇಸ್ ಪೇಪರಿಗೆ ಪಿನ್ ಮಾಡಿಸಿ.